ನನ್ನ ಲಿಥುವೇನಿಯಾ, ಅವಳ ನಾಗಪ್ಪ

ಹೊಟ್ಟೆಕಿಚ್ಚಿಗೂ ಒಂದು ಮಾನ ಮರ್ಯಾದೆ ಇರಬೇಕು ಎಂದು ನಂಬಿದವನು ನಾನು. ಪಕ್ಕದ ಫ್ಲ್ಯಾಟಿನವರು ಹೊಸ ಕಾರು ತಂದರೆ, ಷಡ್ಡಕನಿಗೆ ಬಡ್ತಿ ಸಿಕ್ಕರೆ, ಜೊತೆಯಲ್ಲಿ ವಾಕಿಂಗ್ ಬರುವವನ ಸಕ್ಕರೆ ಕಾಯಿಲೆ ನನ್ನದಕ್ಕಿಂತ ಹತೋಟಿಯಲ್ಲಿದ್ದರೆ ಹೊಟ್ಟೆ ಉರಿಯುವುದು ಸಹಜ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು, ಅವರೂ ತಮ್ಮದನ್ನು ಹೇಳಿಕೊಂಡು ಹಗುರಾಗುತ್ತಾರೆ. ಆದರೆ ಅರವತ್ತಾರನೆಯ ವಯಸ್ಸಿನಲ್ಲಿ, ಲಿಥುವೇನಿಯಾ ಎಂಬ ದೇಶದ ವಿಷಯವಾಗಿ, ಕಟ್ಟಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಬಂದಿದೆ ಎಂದು ಯಾರ ಹತ್ತಿರ ಹೇಳಲಿ? ಇಡೀ ಮೈಲಾಪೂರಿನಲ್ಲಿ ಇದಕ್ಕೆ ಜೊತೆ ಸಿಗುವುದಿಲ್ಲ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಲಿಥುವೇನಿಯಾ ನನ್ನದು ಹೇಗಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಿವೃತ್ತನಾಗುವವರೆಗೆ ಚೆನ್ನೈನ ಪ್ಯಾರೀಸ್ ಕಾರ್ನರಿನ ಒಂದು ವಿಮಾ ಕಚೇರಿಯಲ್ಲಿ, ಹಡಗಿನ ಸರಕಿನ ವಿಭಾಗದಲ್ಲಿ ನನ್ನ ಕೆಲಸ. ಒಂದು ದಿನ ನೀರಿಗೆ ನೆಂದು ಹಾಳಾದ ಸರಕಿನ ಫೈಲಿನಲ್ಲಿ ಕ್ಲೈಪೆಡಾ ಎಂಬ ಲಿಥುವೇನಿಯಾದ ಬಂದರಿನ ಹೆಸರು ಕಂಡಿತು. ನಮ್ಮ ಆಫೀಸಿನಲ್ಲಿ ಯಾರೂ ಆ ಹೆಸರು ಕೇಳಿರಲಿಲ್ಲ. ಯಾರಿಗೂ ಗೊತ್ತಿಲ್ಲದ ಊರೊಂದು ತನಗೆ ಮಾತ್ರ ಗೊತ್ತು ಎಂಬುದರಲ್ಲಿ ಎಂಥ ಸುಖವಿದೆ ಎನ್ನುವುದು ಬಡ್ತಿಯಿಲ್ಲದೆ ಒಂದೇ ಕುರ್ಚಿಯಲ್ಲಿ ಕೂತು ಸವೆದವರಿಗಷ್ಟೇ ಗೊತ್ತು. ಅವತ್ತಿನಿಂದ ಟ್ರಿಪ್ಲಿಕೇನಿನ ಹಳೇ ಪುಸ್ತಕದಂಗಡಿಗಳನ್ನು ಜಾಲಾಡಿ, ಬಾಲ್ಟಿಕ್ ಸಮುದ್ರದ ದಂಡೆಯ ಮೂರು ದೇಶಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆ ಮೂರರಲ್ಲಿ ಎಸ್ಟೋನಿಯಾದವರು ಭಾಷೆಯ ದೃಷ್ಟಿಯಿಂದ ಬಾಲ್ಟಿಕರೇ ಅಲ್ಲ, ಫಿನ್‌ಲೆಂಡಿನವರ ದಾಯಾದಿಗಳು. ಈ ಮಾತನ್ನು ನಾನು ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಬ್ಯಾಂಕಿನ ಕ್ಯೂನಲ್ಲಿ ಹೇಳಿದ್ದೇನೆ, ಒಂದು ಸಲ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿಗೆ ಹತ್ತಿ ತುಂಬಿಸಿಕೊಂಡೂ ಹೇಳಲು ಹೋಗಿದ್ದೇನೆ. ಇಲ್ಲೇ ಹುಟ್ಟಿ ಓದಿದ ನನ್ನ ಮಗಳು, ನಾನು ‘ಎಸ್ಟೋ’ ಎನ್ನುವಷ್ಟರಲ್ಲಿ "ಪೋದುಂಪ್ಪಾ" ಎಂದು ತಮಿಳಿನಲ್ಲೇ ಬಾಯಿ ಮುಚ್ಚಿಸುತ್ತಾಳೆ.

ಇಂಥ ನನಗೆ ಕಳೆದ ವರ್ಷ ಜನವರಿಯಲ್ಲಿ ದೇವರು ಕಣ್ಣು ಬಿಟ್ಟ. ಬಾಲ್ಟಿಕ್ ಜನಾಂಗಗಳ ಇತಿಹಾಸ ಮತ್ತು ಸಂಸ್ಕೃತಿಯ ಮೇಲೆ ಎರಡು ದಿನದ ವಿಚಾರ ಸಂಕಿರಣ, ಅದೂ ಇದೇ ಚೆನ್ನೈನ ಒಂದು ಕಾಲೇಜಿನಲ್ಲಿ. ಬೇಡಿ ಕಾಡಿ ಹತ್ತು ನಿಮಿಷ ಗಿಟ್ಟಿಸಿಕೊಂಡೆ. ಹಿಂದಿನ ಕಾಲದ ಲಿಥುವೇನಿಯಾದಲ್ಲಿ ಒಲೆಯ ಪಕ್ಕದಲ್ಲಿ ಹಾವಿಗೆ ಜಾಗ ಕೊಟ್ಟು, ಮನೆ ಕಾಯುವ ದೇವರೆಂದು ಹಾಲಿಡುತ್ತಿದ್ದರಂತೆ. ಅದರ ಮೇಲೆ ಹದಿನಾಲ್ಕು ಪುಟದ ಪ್ರಬಂಧ ಬರೆದೆ. ಎರಡನೆಯ ದಿನ ಊಟವಾದ ಮೇಲೆ ನನ್ನ ಸರದಿ. ದೆಹಲಿಯಿಂದ ಬಂದವರೊಬ್ಬರಿಗೆ ಇಪ್ಪತ್ತು ನಿಮಿಷ ಕೊಟ್ಟು ಶಾಲು ಬೇರೆ ಹೊದಿಸಿದ್ದರು. ಆ ಶಾಲನ್ನು ನೋಡುತ್ತಲೇ ನನ್ನ ಮೊದಲ ಮೂರು ಪುಟ ಓದಿದೆ. ಐದನೇ ಪುಟಕ್ಕೆ ಗಂಟೆ ಬಾರಿಸಿದರು. ಆದರೂ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್ಸಿನಿಂದ ಬಂದಿದ್ದ ರೂತಾ ಎಂಬ ವಿದ್ವಾಂಸೆ ಮಾತ್ರ ನಿದ್ದೆ ಮಾಡದೆ ಕೇಳಿದರು. ಮುಂದಿನ ವರ್ಷ ವಿಲ್ನಿಯಸ್ಸಿನಲ್ಲೇ ನಡೆಯುವ ದೊಡ್ಡ ಸಂಕಿರಣಕ್ಕೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸುವವರು ಅವರೇ ಎಂದು ತಿಳಿಯಿತು. ತಿಳಿದ ಮರುಗಳಿಗೆಯಲ್ಲೇ, ನಾಳೆ ನಮ್ಮ ಮನೆಗೆ ಊಟಕ್ಕೆ ಬರಬೇಕು ಎಂದುಬಿಟ್ಟೆ. ಜೀವನದಲ್ಲಿ ಒಂದೇ ಒಂದು ಸಲ ಆ ದೇಶದ ನೆಲದ ಮೇಲೆ ನಿಂತು ಆ ದೇಶದವರ ಮುಂದೆ ಮಾತಾಡಬೇಕು, ನನಗೆ ಬೇರೆ ಆಸೆಯೇ ಇರಲಿಲ್ಲ.

ಮರುದಿನ ಬೆಳಗಾಗೆದ್ದು ಪುಸ್ತಕಗಳನ್ನೆಲ್ಲ ಒರೆಸಿ, ಲಿಥುವೇನಿಯಾದವು ಕಣ್ಣಿಗೆ ಬೀಳುವಂತೆ ಜೋಡಿಸಿದೆ. ಆಮೇಲೆ ಅಡಿಗೆಮನೆ ತಪಾಸಣೆಗೆ ಹೋದೆ. ನನ್ನ ಹೆಂಡತಿ ವೇದಾ ಬಿಸಿಬೇಳೆ ಬಾತಿಗೆ ಪುಡಿ ಹುರಿಯುತ್ತಿದ್ದಳು. ಒಲೆಯ ಪಕ್ಕದ ಮೂಲೆಯಲ್ಲಿ ಅವಳ ತಾಯಿ ಕೊಟ್ಟ ಸುಟ್ಟ ಮಣ್ಣಿನ ನಾಗಪ್ಪ, ಅರಿಶಿನ ಕುಂಕುಮ ಮೆತ್ತಿಕೊಂಡು, ಎಣ್ಣೆ ಜಿಡ್ಡಿನಲ್ಲಿ ಕೂತಿತ್ತು. ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸಿದ ಕೂಡಲೇ, ಕಾಸುವ ಮುಂಚೆ, ಅದರ ಮುಂದೆ ಒಂದು ಚಮಚ ಹಾಲಿಡುವುದು ಅವಳ ತವರಿನ ಪದ್ಧತಿ.

"ಇದನ್ನ ಎಲ್ಲಾದ್ರೂ ಒಳಗಿಡು. ದೊಡ್ಡ ವಿದ್ವಾಂಸರು ಬರ್ತಿದಾರೆ. ಇವ್ರ ಮನೇಲಿ ಹಾವಿಗೆ ಹಾಲಿಡ್ತಾರೆ ಅಂತ ಅಂದ್ಕೊಂಡ್ರೆ ನಮ್ಮ ಮಾನ ಏನಾಗ್ಬೇಕು?" ಎಂದೆ.

ಹಾವಿಗೆ ಹಾಲಿಡುವುದರ ಮೇಲೆ ಹದಿನಾಲ್ಕು ಪುಟ ಬರೆದವನು ಹೇಳಿದ ಮಾತು ಇದು. ಆಗ ನನಗೆ ಏನೂ ಅನ್ನಿಸಲಿಲ್ಲ, ದೇವರಾಣೆ. ಪುಸ್ತಕದಲ್ಲಿದ್ದರೆ ಸಂಸ್ಕೃತಿ, ಅಡಿಗೆಮನೆಯಲ್ಲಿದ್ದರೆ ಜಿಡ್ಡು. ವೇದಾ ಅದನ್ನು ತೊಗರಿಬೇಳೆ ಡಬ್ಬದ ಹಿಂದಕ್ಕೆ ಸರಿಸಿದಳು.

ರೂತಾ ಮೇಡಂ ಬಂದರು. ನನ್ನ ಪುಸ್ತಕಗಳ ಕಪಾಟಿನ ಮುಂದೆ ಮರ್ಯಾದೆಗೆ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು ನಿಂತರು. ನಾನು ಎಸ್ಟೋನಿಯಾದ ಮಾತು ತೆಗೆಯುವಷ್ಟರಲ್ಲಿ ಒಗ್ಗರಣೆಯ ವಾಸನೆ ಹಿಡಿದುಕೊಂಡು ನೇರ ಅಡಿಗೆಮನೆಗೆ ನಡೆದುಬಿಟ್ಟರು. ಹತ್ತು ನಿಮಿಷವಾದರೂ ಬರಲಿಲ್ಲ. ಹೋಗಿ ನೋಡುತ್ತೇನೆ, ಹಪ್ಪಳಕ್ಕೋ ಏನಕ್ಕೋ ಡಬ್ಬ ಸರಿಸಿದಾಗ ನಾಗಪ್ಪ ಈಚೆ ಬಂದಿದೆ, ಅದು ರೂತಾ ಮೇಡಂ ಅಂಗೈ ಮೇಲಿದೆ, ವೇದಾ ತನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಾಳೆ: "ಎವೆರಿ ಡೇ ಮಾರ್ನಿಂಗ್ ಮಿಲ್ಕ್. ಫಸ್ಟ್ ಹಿಮ್. ದೆನ್ ಓನ್ಲಿ ಹಸ್ಬೆಂಡ್."

ಆ ಹೆಂಗಸಿನ ಕಣ್ಣು ತುಂಬಿತ್ತು. ಅವರ ಅಜ್ಜಿಯ ಅಜ್ಜಿ ಹೀಗೇ ಒಲೆಯ ಪಕ್ಕ ಹಾಲಿಡುತ್ತಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರಂತೆ. "ಓದಿದ್ದೆ, ಬರೆದಿದ್ದೆ, ಪಾಠ ಹೇಳಿದ್ದೆ. ಮಾಡುವವರನ್ನು ನೋಡಿದ್ದು ಇವತ್ತೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಇದು ನಿಮ್ಮ ಪ್ರಬಂಧದಲ್ಲಿ ಯಾಕೆ ಇರಲಿಲ್ಲ ಎಂದು ಕೇಳಿದರು. ನಾನು ಹಪ್ಪಳ ಚೆನ್ನಾಗಿ ಬಂದಿದೆ ಎಂದೆ.

ತಿಂಗಳೊಪ್ಪತ್ತಿನಲ್ಲಿ ವಿಲ್ನಿಯಸ್ಸಿನಿಂದ ಎರಡು ಇಮೇಲ್ ಬಂದವು. ಒಂದು ನಾನು ಕಳಿಸಿದ ಹದಿನಾಲ್ಕು ಪುಟಕ್ಕೆ ಉತ್ತರ: ಸಮಯದ ಅಭಾವದಿಂದ ಸೇರಿಸಿಕೊಳ್ಳಲಾಗುತ್ತಿಲ್ಲ, ಕ್ಷಮಿಸಿ. ಇನ್ನೊಂದು ಶ್ರೀಮತಿ ವೇದಾ ಅವರಿಗೆ: ತಾವು ತಮ್ಮ ನಾಗಪ್ಪನೊಂದಿಗೆ ಬಂದು ನಲವತ್ತು ನಿಮಿಷ ಮಾತಾಡಬೇಕು. ನಲವತ್ತು. ಕೆಳಗೆ ‘ಜೊತೆಗೆ ಬರುವವರು’ ಎಂಬ ಕಡೆ ಅವಳು ನನ್ನ ಹೆಸರು ಬರೆಸಿದಳು. ಬರೆದವನೂ ನಾನೇ, ಅವಳಿಗೆ ಕಂಪ್ಯೂಟರ್ ಬರುವುದಿಲ್ಲ.

ಈಗ ನಮ್ಮ ಕಟ್ಟಡದಲ್ಲಿ ಅವಳನ್ನು ಎಲ್ಲರೂ ‘ಲಿಥುವೇನಿಯಾ ಮಾಮಿ’ ಎನ್ನುತ್ತಾರೆ. ಮೂವತ್ತು ವರ್ಷ ಓದಿದ ನನ್ನನ್ನು ಒಬ್ಬರಾದರೂ ಲಿಥುವೇನಿಯಾ ಮಾಮಾ ಎಂದಿದ್ದುಂಟೇ? ನಾನು ‘ಪಂಪು ಮನೆ ಸಾರ್’, ಒಮ್ಮೆ ನೀರಿನ ಪಂಪಿನ ಜಗಳದಲ್ಲಿ ಮಾತಾಡಿದ್ದಕ್ಕೆ. ಇದನ್ನೂ ನುಂಗಿಕೊಂಡೆ. ಆದರೆ ಮೊನ್ನೆ ಲಿಫ್ಟಿನಲ್ಲಿ ಮೂರನೇ ಮಹಡಿಯಾಕೆ ಏನೋ ಕೇಳಿದಾಗ ವೇದಾ, "ಎಸ್ಟೋನಿಯಾದವ್ರು ಬೇರೆ ಕಣ್ರೀ, ಅವ್ರು ಫಿನ್‌ಲೆಂಡಿನವ್ರ ದಾಯಾದಿಗಳು" ಎಂದಳು. ಆಕೆ ಬಾಯಿ ಬಿಟ್ಟುಕೊಂಡು ಕೇಳಿದಳು. ನನ್ನ ಮಾತು, ನನ್ನ ಒಂದೇ ಒಂದು ಮಾತು. ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು. ಮನೆಗೆ ಬಂದು ಮಗಳಿಗೆ ಫೋನ್ ಮಾಡಿ ಹೇಳಿಕೊಂಡರೆ ಅವಳು "ಅಮ್ಮ ಸೂಪರ್ಪ್ಪಾ" ಎಂದಳು.

ನಾಡಿದ್ದು ನಮ್ಮ ಪ್ರಯಾಣ. ಇವತ್ತು ಬೆಳಿಗ್ಗೆ ವೇದಾ ನೆಲದ ಮೇಲೆ ಕೂತು ಸಾಮಾನು ಕಟ್ಟುತ್ತಿದ್ದಳು. ನಾಗಪ್ಪ ಒಡೆಯಬಾರದೆಂದು ಅದಕ್ಕೆ ಪದರ ಪದರವಾಗಿ ಕಾಗದ ಸುತ್ತುತ್ತಿದ್ದಳು. ಬಿಳಿ ಕಾಗದ, ಒತ್ತೊತ್ತಾಗಿ ಅಚ್ಚಾದದ್ದು, ಅಂಚಿನಲ್ಲಿ ನನ್ನ ಕೈಬರಹದ ತಿದ್ದುಪಡಿ.

"ಅದು ನನ್ನ ಪ್ರಬಂಧ ಅಲ್ವೇನೇ?"

"ಎರಡು ಕಡೇನೂ ಅಚ್ಚಾಗಿದೆ, ಇನ್ನೇನಕ್ಕೂ ಬರಲ್ಲ ಅಂತ ತಗೊಂಡೆ. ಬೇಕಿತ್ತಾ?"

ಬಯ್ಯಬೇಕೆಂದು ಬಾಯಿ ತೆರೆದೆ. ನೋಡಿದರೆ ಹದಿನಾಲ್ಕು ಪುಟವೂ ವಿಲ್ನಿಯಸ್ಸಿಗೆ ಹೊರಟಿತ್ತು. ಅವಳ ಪಕ್ಕದಲ್ಲಿ ಕೂತೆ.

"ಹೆಸರಿರೋ ಪುಟ ಕೊನೇಲಿ ಸುತ್ತು. ಹೊರಗಡೆ ಬರ್ಲಿ" ಎಂದೆ.

ಅವಳು ನನ್ನ ಮುಖ ನೋಡಿದಳು. ಸುತ್ತಿದ್ದನ್ನೆಲ್ಲ ಬಿಚ್ಚಿ, ಮೊದಲ ಪುಟ ಮೇಲೆ ಬರುವಂತೆ ಮತ್ತೆ ಸುತ್ತಿ, ಹಾಲಿನ ಪ್ಯಾಕೆಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಬಿಗಿದಳು. ಅದು ಸರಿಯಾಗಿ ನನ್ನ ಹೆಸರಿನ ಮೇಲೇ ಕೂತಿತು. ಅವಳು ಆ ಕಡೆ ತಿರುಗಿದಾಗ ನಾನು ಅದನ್ನು ಬೆರಳಿನಿಂದ ಸ್ವಲ್ಪ ಕೆಳಕ್ಕೆ ಸರಿಸಿದೆ.