ಮೂವತ್ತೆಂಟು ಸೆಕೆಂಡು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ದಾರ, ಮತ್ತು ಅದರ ತುದಿಗೆ ಕಟ್ಟಿದ್ದ ನಿಂಬೆಹಣ್ಣಿನ ಗಾತ್ರದ ಕಬ್ಬಿಣದ ಗುಂಡು. ಭೌತಶಾಸ್ತ್ರದ ಮೇಷ್ಟ್ರು ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ರಬ್ಬರಿನ ಕೈಗೆ ಕೊಟ್ಟರು. ರಬ್ಬರು ಎಂದರೆ ಹದಿನಾರು ವರ್ಷದ ಒಬ್ಬ ಹುಡುಗಿ. ಎರಡಕ್ಕೆ ಎರಡು ಕೂಡಿಸಿ ನಾಲ್ಕು ಎಂದು ಬರೆದು, ಪಕ್ಕದವಳ ಮುಖ ನೋಡಿ, ಅಳಿಸಿ, ಆಮೇಲೆ ಮತ್ತೆ ನಾಲ್ಕೇ ಬರೆಯುವವಳು. ಶಾಲೆಯವರು ಇಟ್ಟ ಹೆಸರು ಬೀದಿಗೂ ಬಂದು, ಈಗ ಹೆತ್ತ ತಾಯಿಯೂ ಒಮ್ಮೊಮ್ಮೆ ಹಾಗೇ ಕರೆಯುತ್ತಿದ್ದಳು.

ಅವತ್ತು ಸಂಜೆ ಐದರೊಳಗೆ ಮೇಲಿನ ತರಗತಿಯ ಫಾರಂ ಕೊಡಬೇಕಿತ್ತು. ಫಾರಮ್ಮಿನಲ್ಲಿ ಎರಡು ಚೌಕ, ಭೌತಶಾಸ್ತ್ರಕ್ಕೊಂದು, ವಾಣಿಜ್ಯಕ್ಕೊಂದು. ಒಂದರಲ್ಲಿ ಇಂಕಿನಿಂದ ಟಿಕ್ ಹಾಕಿದರೆ ಮುಗಿಯಿತು, ಮುಂದಿನ ಎರಡು ವರ್ಷ ಅದೇ ಗತಿ. ರಬ್ಬರಿಗೆ ಬೇಕಾಗಿದ್ದದ್ದು ಭೌತಶಾಸ್ತ್ರ. ಇದರಲ್ಲಿ ಅನುಮಾನವಿರಲಿಲ್ಲ. ಅಮ್ಮ ನರ್ಸಾಗಿದ್ದ ಆಸ್ಪತ್ರೆಯ ಲಿಫ್ಟಿನಲ್ಲಿ, ಮೇಲೆ ಹೊರಟ ಕ್ಷಣದಲ್ಲಿ ಮೈ ಭಾರವಾಗುವುದು ಯಾಕೆಂದು ನೋಡಲು, ಎಂಟು ವರ್ಷದವಳಿದ್ದಾಗಲೇ ತೂಕದ ಯಂತ್ರ ಹೊತ್ತುಕೊಂಡು ಹೋಗಿ ಹನ್ನೊಂದು ಸಲ ಮೇಲೆ ಕೆಳಗೆ ಓಡಾಡಿದ್ದವಳು ಅವಳು. ಆದರೆ ಮಾರ್ಕ್ಸು ಸಾಧಾರಣ. ಆ ತರಗತಿ ಬಲು ಕಷ್ಟ, ಜಾಣರೇ ಅಳುತ್ತಾರೆ ಎಂದು ಊರೆಲ್ಲ ಸುದ್ದಿ. ನನಗೆ ಆಸೆ ಇದೆ, ಯೋಗ್ಯತೆ ಇದೆಯಾ ಎಂಬುದೇ ಅವಳನ್ನು ತಿಂಗಳಿಂದ ಕೊರೆಯುತ್ತಿದ್ದ ಪ್ರಶ್ನೆ.

ಮೇಷ್ಟ್ರಿಗೋ ಅವರದೇ ಒಂದು ಪದ್ಧತಿ. ತಮ್ಮ ತರಗತಿಗೆ ಬರುತ್ತೇವೆ ಎಂದವರಿಗೆ ಪ್ರತಿವರ್ಷ ಒಂದು ಪರೀಕ್ಷೆ, ಪ್ರತಿವರ್ಷ ಬೇರೆಬೇರೆ. ಅದರಲ್ಲಿ ಏನಿತ್ತೆಂದು ಹೊರಗೆ ಬರುತ್ತಿರಲಿಲ್ಲ. ಪಾಸಾದವರು ಹೇಳುವುದಿಲ್ಲವೆಂದು ಮಾತು ಕೊಟ್ಟಿರುತ್ತಿದ್ದರು, ಫೇಲಾದವರಿಗೆ ಹೇಳಲು ನಾಚಿಕೆ. ಈ ಸಲ ಹದಿನಾಲ್ಕು ಮಂದಿಗೆ ಹದಿನಾಲ್ಕು ದಾರ, ಜೊತೆಗೊಂದು ಚೀಟಿ. 'ಮೇಲಿನ ಗಂಟಿನಿಂದ ಗುಂಡಿನ ನಡುವಿನವರೆಗೆ ದಾರದ ಉದ್ದ ಒಂದು ಮೀಟರ್. ಹೋಗಿ ಬಂದರೆ ಒಂದು ತೂಗು. ಇಪ್ಪತ್ತು ತೂಗಿಗೆ ಎಷ್ಟು ಸೆಕೆಂಡು? ಕಂಡದ್ದನ್ನು ಬರೆದು ನಾಲ್ಕಕ್ಕೆ ತನ್ನಿ.'

ದಾರಿಯಲ್ಲಿ ಬರುತ್ತಾ ರಬ್ಬರು ತೀರ್ಮಾನ ಮಾಡಿಕೊಂಡಳು. ಉತ್ತರ ಸರಿ ಬಂದರೆ ಭೌತಶಾಸ್ತ್ರ, ತಪ್ಪಿದರೆ ವಾಣಿಜ್ಯ. ಜೀವನದ ಇಷ್ಟು ದೊಡ್ಡ ಭಾರವನ್ನು ಒಂದು ದಾರಕ್ಕೆ ನೇತುಹಾಕಿ ಅವಳಿಗೆ ಮನಸ್ಸು ಎಷ್ಟೋ ಹಗುರಾಯಿತು.

ಮನೆಯಲ್ಲಿ ಅಡುಗೆಮನೆ ಬಾಗಿಲಿನ ಮೇಲಿನ ಮೊಳೆಗೆ ದಾರ ಕಟ್ಟಿ, ಅಮ್ಮನ ಫೋನಿನಲ್ಲಿ ಸೆಕೆಂಡು ಎಣಿಸಿದಳು. ಮೂವತ್ತೆಂಟು. ಮತ್ತೆ ಎಣಿಸಿದಳು, ಮೂವತ್ತೆಂಟು. ಮೂರನೇ ಸಲ ಹದಿನೈದಕ್ಕೆ ಬಂದಾಗ ಅಮ್ಮ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಬಾಗಿಲು ದಾಟಿದಳು, ಗುಂಡು ಬಂದು ಬಕೆಟ್ಟಿಗೆ ಢಣ್ ಎಂದಿತು.

"ಮನೇಲಿ ನಡೆದಾಡೋ ಹಾಗಿಲ್ವಾ?" ಎಂದಳು ಅಮ್ಮ. "ಇದನ್ನ ತೂಗಿಸಿದ್ರೆ ಸೀಟು ಕೊಡ್ತಾರಂತಾ?"

"ಸರಿಯಾಗಿ ಎಣಿಸಿದ್ರೆ ಕೊಡ್ತಾರಮ್ಮ."

ಕಾಲೇಜಿಗೆ ರಜೆ ಹಾಕಿ ಮಲಗಿದ್ದ ಅಣ್ಣ ಆ ಢಣ್ ಶಬ್ದಕ್ಕೆ ಎದ್ದು ಬಂದ. ಹಾಳೆಯ ಮೇಲಿನ ಮೂವತ್ತೆಂಟನ್ನು ನೋಡಿ ಒಂದು ನಗು ನಕ್ಕ. ಗೈಡು ತಂದು ಸೂತ್ರ ಹುಡುಕಿ, ಎರಡು ಸಾಲು ಲೆಕ್ಕ ಹಾಕಿ, "ಒಂದು ಮೀಟರ್ ದಾರ ಅಂದ್ರೆ ಒಂದು ತೂಗಿಗೆ ಎರಡು ಸೆಕೆಂಡು. ಇಪ್ಪತ್ತಕ್ಕೆ ನಲವತ್ತು. ನಿಂದು ತಪ್ಪು" ಎಂದ.

"ಆದ್ರೆ ನಾನು ನೋಡಿದ್ದು ಮೂವತ್ತೆಂಟೇ ಕಣೋ."

"ನೀನು ನೋಡಿದ್ದಕ್ಕೆ ಪುಸ್ತಕ ಬದಲಾಗತ್ತಾ? ಎಲ್ಲೋ ಎರಡು ಸೆಕೆಂಡು ನುಂಗಿದೀಯ. ಹುಡುಕು ಹೋಗು."

ಫೋನು ಕೈಕೊಟ್ಟಿರಬಹುದೆಂದು ರಬ್ಬರು ಪಕ್ಕದ ಮನೆಯ ಸ್ಟೇಷನ್ ಮಾಸ್ಟರ್ ತಾತನ ಬಳಿ ಹೋದಳು. ತಾತ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಕೈಗಡಿಯಾರ ಇನ್ನೂ ಸೇವೆಯಲ್ಲಿತ್ತು. ವಿಷಯ ಕೇಳಿ ಅವರು ಊಟಕ್ಕೆ ಕೂತವರು ಎದ್ದೇಬಿಟ್ಟರು. ದಾರವನ್ನು ವರಾಂಡದ ತೊಲೆಗೆ ಕಟ್ಟಿಸಿ, ಕನ್ನಡಕ ಒರೆಸಿಕೊಂಡು, ಗುಂಡು ಬಿಡುತ್ತಿದ್ದಂತೆಯೇ "ಒಂದು" ಎಂದು ಶುರುಮಾಡಿ ಇಪ್ಪತ್ತಕ್ಕೆ ಕೈಯೆತ್ತಿದರು.

"ಮೂವತ್ತಾರು. ಬರ್ಕೊ."

"ತಾತ, ಬಿಡುವಾಗಲೇ ಒಂದು ಅಂದ್ರಲ್ಲ, ಒಂದು ಸಲ ಹೋಗಿ ಬಂದ ಮೇಲಲ್ವಾ ಒಂದು ಆಗೋದು? ನೀವು ಎಣಿಸಿದ್ದು ಹತ್ತೊಂಬತ್ತೇ."

ತಾತನ ಮುಖ ಕೆಂಪಾಯಿತು. "ಮೂವತ್ತನಾಲ್ಕು ವರ್ಷ ರೈಲು ಕಳಿಸಿದೀನಿ. ಒಂದು ಡಬ್ಬಿ ಹೆಚ್ಚಿಲ್ಲ, ಒಂದು ಡಬ್ಬಿ ಕಮ್ಮಿ ಇಲ್ಲ. ನನಗೆ ಎಣಿಸೋದು ಹೇಳಿಕೊಡ್ತೀಯಾ?"

ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ಆದರೂ ದೊಡ್ಡವರು ಸಿಟ್ಟಾದರೆಂದು ಅವಳೇ ತಪ್ಪಾಯಿತೆಂದಳು. ಹಾಳೆಯಲ್ಲಿ ಮೂವತ್ತಾರನ್ನೂ ಬರೆದು ಅಳಿಸಿದಳು.

ಉಳಿದದ್ದು ದಾರ. ಅದನ್ನೇ ಯಾಕೆ ಅಳೆದು ನೋಡಬಾರದು ಎಂದು ಅವಳಿಗೆ ಹೊಳೆಯಿತು. ಯಾರೂ ಹೇಳಿಕೊಡದೆ ಬಂದ ಬುದ್ಧಿ ಅದು. ಕೆಳಗಿನ ಅಂಗಡಿಯ ಟೈಲರ್ ಮಾಮನ ಹತ್ತಿರ ಓಡಿದಳು. ಮಾಮ ಹೊಲಿಗೆ ಮಷೀನು ನಿಲ್ಲಿಸಿ, ಕತ್ತಿನಿಂದ ಟೇಪು ತೆಗೆದು, ಗಂಟಿನಿಂದ ಗುಂಡಿನ ನಡುವಿಗೆ ಹಿಡಿದರು.

"ತೊಂಬತ್ತು."

"ಮಾಮ, ಸರಿಯಾಗಿ ನೋಡಿ. ಮೇಷ್ಟ್ರು ನೂರು ಅಂತ ಬರೆದುಕೊಟ್ಟಿದಾರೆ."

ಮಾಮ ಚೀಟಿ ಓದಿದರು. ಮತ್ತೆ ಅಳೆದರು. ಹಣೆಯಲ್ಲಿ ಬೆವರು ಬಂತು. "ಮೇಷ್ಟ್ರು ಸುಳ್ಳು ಬರೀತಾರಾ? ನನ್ನ ಟೇಪೇ ಹಿಗ್ಗಿದೆ. ಎಂಟು ವರ್ಷದ್ದು."

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಬೆಂಚಿನ ಮೇಲೆ ಪ್ಯಾಂಟಿಗಾಗಿ ಕಾಯುತ್ತಾ ಇನ್ಶೂರೆನ್ಸ್ ಏಜೆಂಟರು ಕೂತಿದ್ದರು. ಅವರಿಗೆ ಅಂಥ ಮಾತು ಕಿವಿಗೆ ಬಿದ್ದರೆ ಹೊಟ್ಟೆಯಲ್ಲಿ ಉಳಿಯುವುದಿಲ್ಲ. "ಅದಕ್ಕೇ ನೋಡಿ, ನೀವು ಹೊಲಿದ ಶರ್ಟು ನಂಗೆ ಯಾವತ್ತೂ ಸರಿಯಾಗಿ ಕೂತಿಲ್ಲ" ಎಂದು ಎದ್ದು ನಿಂತರು.

"ಮೈಯನ್ನೂ ಅದೇ ಟೇಪಲ್ಲಿ ಅಳೆದು ಬಟ್ಟೇನೂ ಅದೇ ಟೇಪಲ್ಲಿ ಅಳೆದ್ರೆ, ಟೇಪು ಹಿಗ್ಗಿದ್ರೂ ಬಟ್ಟೆ ಸರಿಯಾಗೇ ಬರಬೇಕಲ್ವಾ ಮಾಮ?" ಎಂದಳು ರಬ್ಬರು.

ಅಷ್ಟು ಹೊತ್ತಿನಲ್ಲಿ ಅಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಕೇಳುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ. ಏಜೆಂಟರು ಬೀದಿಗಿಳಿದಿದ್ದರು. ಮೂರು ಗಂಟೆಗೆ ಅಂಗಡಿಯ ಮುಂದೆ ಒಂಬತ್ತು ಮಂದಿ, ಒಬ್ಬೊಬ್ಬರ ಕೈಯಲ್ಲೂ ಹಳೇ ಬಟ್ಟೆ. ಕಳೆದ ವರ್ಷ ಹೊಟ್ಟೆ ಬೆಳೆಸಿಕೊಂಡ ಬೇಕರಿಯವರು ಕೂಡ ಎಲ್ಲ ತಪ್ಪೂ ಟೇಪಿನದೇ ಎಂದು ಖುಷಿಯಲ್ಲಿದ್ದರು. ಮಾಮ ಕತ್ತರಿ ತೆಗೆದುಕೊಂಡು, ಎಲ್ಲರ ಎದುರಿಗೇ ಟೇಪನ್ನು ನಾಲ್ಕು ತುಂಡು ಮಾಡಿ ಕಸದ ಡಬ್ಬಿಗೆ ಹಾಕಿದರು.

"ನಿಂದೇನೂ ತಪ್ಪಿಲ್ಲ ಬಿಡಮ್ಮ" ಎಂದರು ಆಮೇಲೆ. ಟೇಪಿಲ್ಲದೆ ಅವರ ಕತ್ತು ಬರಿದಾಗಿ ಕಂಡಿತು.

ಮೂರೂವರೆ. ಮೆಟ್ಟಿಲ ಮೇಲೆ ಕೂತು ಅವಳು ಹಾಳೆ ಬಿಡಿಸಿದಳು. ಅಣ್ಣನ ಪುಸ್ತಕ ನಲವತ್ತು ಎನ್ನುತ್ತದೆ. ಮೇಷ್ಟ್ರ ಚೀಟಿ ಮೀಟರ್ ಎನ್ನುತ್ತದೆ. ಟೇಪು ತಪ್ಪೆಂದು ಬೀದಿಯೇ ಒಪ್ಪಿದೆ. ಇವರೆಲ್ಲರ ಎದುರಿಗೆ ಅವಳ ಮೂವತ್ತೆಂಟು ಒಂಟಿಯಾಗಿ ನಿಂತಿತ್ತು. ಇನ್ನೊಂದು ಸಲ ದಾರ ಕಟ್ಟಿ ಎಣಿಸುವಷ್ಟು ಹೊತ್ತಿತ್ತು. ಎಣಿಸಿದರೆ ಮತ್ತೆ ಮೂವತ್ತೆಂಟೇ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಎಣಿಸಲಿಲ್ಲ. ಅಳಿಸಿ ನಲವತ್ತು ಎಂದು ಬರೆದಳು.

ನಾಲ್ಕಕ್ಕೆ ಪ್ರಯೋಗಶಾಲೆಯಲ್ಲಿ ಮೇಷ್ಟ್ರು ಹದಿನಾಲ್ಕು ಹಾಳೆಗಳನ್ನೂ ಓದಿ ಎರಡು ರಾಶಿ ಮಾಡಿದರು. ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಹತ್ತು. ಆಮೇಲೆ ಮೇಜಿನ ಮೇಲೆ ಸ್ಕೇಲಿಟ್ಟು, ಒಂದು ದಾರವನ್ನು ಅದರ ಪಕ್ಕ ಎಳೆದು ಹಿಡಿದರು.

"ಎಲ್ಲರ ದಾರಾನೂ ತೊಂಬತ್ತು ಸೆಂಟಿಮೀಟರ್. ಬೇಕಂತಲೇ ಕತ್ತರಿಸಿದ್ದು. ಮೂವತ್ತೆಂಟರ ಆಸುಪಾಸು ಬರಬೇಕು. ನಾಲ್ಕು ಜನ ಕಂಡದ್ದು ಬರೆದಿದಾರೆ. ಉಳಿದ ಹತ್ತು ಜನ ದಾರದ ಬದಲು ಗೈಡು ತೂಗಿಸಿದಾರೆ. ಆ ಹತ್ತು ಜನ ನನ್ನ ತರಗತಿಗೆ ಬರೋದು ಬೇಡ."

ಎಲ್ಲರೂ ಹೊರಟರು. ರಬ್ಬರು ಮಾತ್ರ ನಿಂತಳು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ನಲವತ್ತರ ಕೆಳಗೆ, ಸವೆದ ಕಾಗದದಲ್ಲಿ, ಮೂವತ್ತೆಂಟು ಮಸುಕಾಗಿ ಕಾಣುತ್ತಿತ್ತು.

"ನಾನು ಬರೆದಿದ್ದೆ ಸಾರ್."

"ದಾರ ಅಳೆಯಲಿಲ್ವಾ?"

"ಅಳೆದೆ ಸಾರ್. ತೊಂಬತ್ತೇ ಬಂತು. ಟೇಪು ತಪ್ಪು ಅನ್ಕೊಂಡ್ವಿ. ಟೇಪನ್ನ ಕತ್ತರಿಸಿ ಹಾಕಿದ್ರು."

ಮೇಷ್ಟ್ರಿಗೆ ನಗು ಬಂತು, ಅರ್ಧಕ್ಕೇ ನಿಂತಿತು. "ಉಳಿದ ಒಂಬತ್ತು ಜನ ನೋಡಲೇ ಇಲ್ಲ. ನೀನು ನೋಡಿದೀಯ, ಅಳೆದಿದೀಯ, ಆಮೇಲೆ ಅಳಿಸಿದೀಯ. ಅವರಿಗಿಂತ ನಿನ್ನ ಮೇಲೇ ನನಗೆ ಹೆಚ್ಚು ಸಿಟ್ಟು. ಹೋಗು."

ಅವಳು ಹೋದಳು. ಕಣ್ಣು ತುಂಬಿ ಎದುರಿನ ಬಾಗಿಲು ಎರಡಾಗಿ ಕಾಣುತ್ತಿತ್ತು. ಆಫೀಸಿನ ಕಿಟಕಿಯಲ್ಲಿ ನಿಂತು ವಾಣಿಜ್ಯದ ಚೌಕದಲ್ಲಿ ಇಂಕಿನಿಂದ ಟಿಕ್ ಹಾಕಿ ಗುಮಾಸ್ತರ ಕೈಗೆ ಕೊಟ್ಟಳು. ಜೀವನದಲ್ಲಿ ಮೊದಲ ಸಲ ಅವಳ ಕೈ ಅಳಿಸುವ ಯೋಚನೆಯಿಲ್ಲದೆ ಒಂದು ಗೆರೆ ಎಳೆದಿತ್ತು. ಗುಮಾಸ್ತರು ಠಪ್ಪೆಂದು ಸೀಲು ಒತ್ತಿ, ದಿನದ ಫಾರಮ್ಮುಗಳನ್ನು ಎಣಿಸತೊಡಗಿದರು.

"ವಾಣಿಜ್ಯ ಇಪ್ಪತ್ತೇಳು. ಭೌತಶಾಸ್ತ್ರ ಹದಿಮೂರು."

"ಹದಿಮೂರಾ?" ಎಂದಳು ರಬ್ಬರು. "ಮೇಷ್ಟ್ರು ತಗೊಂಡಿದ್ದು ನಾಲ್ಕೇ ಜನ ಅಲ್ವಾ ಸಾರ್?"

"ತಗೊಳ್ಳೋದು ಬಿಡೋದು ಅವರ ಕೈಲಿ ಎಲ್ಲಿದೆಯಮ್ಮ? ಟಿಕ್ ಹಾಕಿದವರಿಗೆಲ್ಲ ಸೀಟು. ಫಾರಮ್ಮಿನ ಹಿಂದೆ ಅಚ್ಚಾಗಿದೆಯಲ್ಲ, ತಿರುಗಿಸಿ ನೋಡಲಿಲ್ವಾ? ಅವರು ಪ್ರತಿ ವರ್ಷ ಬೈದು ಕಳಿಸ್ತಾರೆ, ಬೈಸ್ಕೊಂಡವರು ನೆಟ್ಟಗೆ ಇಲ್ಲಿಗೆ ಬಂದು ಟಿಕ್ ಹಾಕ್ತಾರೆ. ಮೇಷ್ಟ್ರು ಒಂದು ವಾರ ಮುಖ ಊದಿಸ್ಕೊಂಡಿದ್ದು ಆಮೇಲೆ ಚೆನ್ನಾಗೇ ಪಾಠ ಮಾಡ್ತಾರೆ. ಈಗ ತಾನೇ ಆ ಒಂಬತ್ತು ಜನಾನೂ ನಗ್ತಾ ನಗ್ತಾ ಕೊಟ್ಟುಹೋದ್ರು."

"ಹಾಗಾದ್ರೆ ನಂದು ಬದಲಾಯಿಸಿಕೊಡಿ ಸಾರ್."

"ಸೀಲು ಬಿತ್ತಲ್ಲಮ್ಮ" ಎಂದರು ಗುಮಾಸ್ತರು. ಅವರಿಗೂ ಪಾಪ ಅನ್ನಿಸಿರಬೇಕು. "ಒಂದು ನಿಮಿಷ ಮೊದಲು ಕೇಳಿದ್ರೆ ಆಗ್ತಿತ್ತು" ಎಂದು ಸಮಾಧಾನದ ಹಾಗೆ ಸೇರಿಸಿದರು.

ಅವಳು ಕಿಟಕಿ ಬಿಟ್ಟು ಗೇಟಿನ ಕಡೆ ನಡೆದಳು. ಯಾರನ್ನು ಬೈಯಬೇಕೆಂದು ಹುಡುಕಿದಳು. ಅಣ್ಣ, ತಾತ, ಏಜೆಂಟರು ಎಲ್ಲರೂ ಕಣ್ಣ ಮುಂದೆ ಬಂದರು. ಅವರ್ಯಾರೂ ಅವಳ ಕೈ ಹಿಡಿದು ಬರೆಸಿರಲಿಲ್ಲ. ಆ ವಯಸ್ಸಿಗೆ ಇದು ದೊಡ್ಡ ದುಃಖ.

ಹಿಂದಿನಿಂದ ಸೈಕಲ್ ಬೆಲ್ಲು ಕೇಳಿ ಪಕ್ಕಕ್ಕೆ ಸರಿದಳು. ಮೇಷ್ಟ್ರು ಬ್ರೇಕು ಹಾಕಿ ಒಂದು ಕಾಲು ನೆಲಕ್ಕೂರಿದರು. ಸಿಟ್ಟು ಇಳಿದಿತ್ತು.

"ಫಾರಂ ಕೊಟ್ಟಾಯ್ತಾ?"

"ಕೊಟ್ಟೆ ಸಾರ್."

"ಸೋಮವಾರ ಎಂಟು ಗಂಟೆಗೆ ತರಗತಿ. ಮುಂದಿನ ಬೆಂಚಲ್ಲಿ ಕೂತ್ಕೊ. ಇಪ್ಪತ್ತು ವರ್ಷದಲ್ಲಿ ನಾನು ಕೊಟ್ಟಿದ್ದನ್ನ ನಂಬದೆ ಅಳೆದು ನೋಡಿದ್ದು ನೀನೊಬ್ಬಳೇ. ಆ ನಾಲ್ಕು ಜನಾನೂ ಅಳೆದಿರಲಿಲ್ಲ. ನಿಂಗೆ ಬೈಯೋದು ಇನ್ನೂ ಬಾಕಿ ಇದೆ, ಲೇಟಾಗಿ ಬರಬೇಡ."

ಟಿಕ್ ಹಾಕಿದ್ದು ವಾಣಿಜ್ಯಕ್ಕೆಂದು ಹೇಳಲು ಅವಳು ಬಾಯಿ ತೆರೆದಳು. ಮೇಷ್ಟ್ರು ಅಷ್ಟು ಖುಷಿಯಾಗಿ ನಿಂತಿದ್ದನ್ನು ಶಾಲೆಯಲ್ಲಿ ಯಾರೂ ನೋಡಿರಲಿಲ್ಲ.

"ಆಗಲಿ ಸಾರ್" ಎಂದಳು.

ಅವರು ಪೆಡಲು ತುಳಿದು ಹೊರಟುಹೋದರು.