ಬಜೆಟ್ ಓದಿ ಮುಗಿಸೋವರೆಗೂ ಜಾಮೀನಿಲ್ಲ

ದಿಲ್ಲಿಯಲ್ಲಿ ಕೇಂದ್ರ ಬಜೆಟ್ಟಿನ ಪುಸ್ತಕಗಳ ಕರಡು ತಿದ್ದುವ ಕೆಲಸ ನನ್ನದು. ಊರು ಮಳವಳ್ಳಿ. ಈ ಎರಡರ ನಡುವೆ ಸಿಕ್ಕಿಕೊಂಡವನಿಗೆ ವರ್ಷಕ್ಕೊಂದಾದರೂ ಫಜೀತಿ ಗ್ಯಾರಂಟಿ.

೧. ಒಂದು ಸೊನ್ನೆ

ದೀಪಾವಳಿಗೆ ಊರಿಗೆ ಹೊರಟಿದ್ದೆ. ಮದ್ದೂರಲ್ಲಿ ಮಳವಳ್ಳಿ ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲಿ ನಮ್ಮ ಸೋದರಮಾವ.

"ನಮ್ಮೂರ್ ರಸ್ತೆಗೆ ಒಸಿ ದುಡ್ಡು ಆಕ್ಸ್ಲಾ," ಅಂದರು.

ಒಂದೊಂದು ಇಲಾಖೆಯೂ ತನಗೆ ಬೇಕಾದ್ದನ್ನು ಬರೆದು ಕಳಿಸುತ್ತೆ, ಹಣಕಾಸಿನವರು ಕೂತು ಕತ್ತರಿ ಆಡಿಸ್ತಾರೆ, ಆಮೇಲೆ ಮಂತ್ರಿಗಳು ಒಪ್ಪಬೇಕು, ನನ್ನ ಪಾಲಿಗೆ ಬರೋದು ಅಕ್ಷರದ ತಪ್ಪು ಮಾತ್ರ ಅಂತ ಬಿಡಿಸಿ ಹೇಳಿದೆ. ಮಾವ ಮಳವಳ್ಳಿ ಬರೋವರೆಗೂ ಯೋಚನೆ ಮಾಡಿದರು. ಇಳಿಯುವಾಗ ಕಿವಿಯ ಹತ್ತಿರ ಬಾಗಿ, "ತಪ್ಪು ತಿದ್ದೋವಾಗ ಕೈ ಜಾರಿ ಒಂದು ಸೊನ್ನೆ ಜಾಸ್ತಿ ಬಿದ್ರೆ ಯಾರ್ಗೆ ಗೊತ್ತಾಯ್ತದೆ ಬುಡು," ಅಂದರು.

೨. ಒಳಗವ್ನೆ

ಬಜೆಟ್ ಪಾರ್ಲಿಮೆಂಟಿನಲ್ಲಿ ಓದೋವರೆಗೂ ಗುಟ್ಟು. ಅದಕ್ಕೇ ಕೊನೆಯ ಕೆಲವು ದಿನ ನಮ್ಮನ್ನೆಲ್ಲ ಆಫೀಸಿನೊಳಗೇ ಇಟ್ಟುಕೊಳ್ಳುತ್ತಾರೆ. ಮೊಬೈಲಿಲ್ಲ, ಮನೆಗೆ ಹೋಗುವಂತಿಲ್ಲ, ಬಾಗಿಲಲ್ಲಿ ಪೊಲೀಸು. ಮೊದಲ ವರ್ಷ ಇದನ್ನು ಅವ್ವನಿಗೆ ಹೇಳಿಯೇ ಹೋಗಿದ್ದೆ. ಪಕ್ಕದ ಮನೆಯಾಕೆ ಅರ್ಧ ಕೇಳಿಸಿಕೊಂಡು ಸಮಾಧಾನ ಹೇಳಲು ಬಂದರಂತೆ.

"ಜಾಮೀನು ಸಿಗಕ್ಕಿಲ್ವಾ ಅಕ್ಕ?"

ಅವ್ವ ಅವರೆಕಾಯಿ ಬಿಡಿಸುತ್ತಲೇ ಹೇಳಿದಳಂತೆ: "ಮಂತ್ರಿ ಓದಿ ಮುಗ್ಸೋಗಂಟ ಸಿಗಕ್ಕಿಲ್ವಂತೆ. ಊಟ ಮಾತ್ರ ಸಂದಾಗಿ ಆಕ್ತಾರಂತೆ ಕಣವ್ವ."

೩. ಟೂ ಪಾಯಿಂಟ್ ಏಯ್ಟು

ಈ ವರ್ಷ ನಾನು ಒಳಗಿರುವಾಗಲೇ ಹೆಂಡತಿಯನ್ನು ಹೆರಿಗೆಗೆ ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರು. ಬಿಪಿ ಏರಿದೆ ಅಂತ ನಾನು ಒಳಗೆ ಹೋಗುವ ಮುಂಚೆಯೇ ಡಾಕ್ಟರು ಹೇಳಿದ್ದರು. ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ಏನೂ ತಲೆಗೆ ಹೋಗುತ್ತಿರಲಿಲ್ಲ.

ತುರ್ತಿಗೆ ಮನೆಯವರು ಮಾಡಬಹುದಾದ ಫೋನು ಒಳಗೆ ಒಂದೇ. ಪಕ್ಕದಲ್ಲಿ ಕಾವಲಿನ ಅಧಿಕಾರಿ ಕೂತು ಪ್ರತಿ ಮಾತನ್ನೂ ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಾರೆ. ಆವತ್ತು ಕೂತಿದ್ದವರಿಗೆ ಕನ್ನಡ ಬಾರದು.

ಅವ್ವನ ಫೋನು ಬಂತು. "ಎಣ್ಣು ಮಗ ಕಣ್ಲಾ. ಇಬ್ರೂ ಸಂದಾಗವ್ರೆ. ಟೂ ಪಾಯಿಂಟ್ ಏಯ್ಟು ಅಂದ್ರು ನರ್ಸಮ್ಮ."

ಖುಷಿಗೆ ನಾನೂ "ಟೂ ಪಾಯಿಂಟ್ ಏಯ್ಟ್, ಟೂ ಪಾಯಿಂಟ್ ಏಯ್ಟ್" ಅಂದೆ.

ಅಧಿಕಾರಿ ರಿಸೀವರು ಕಸಿದುಕೊಂಡರು. "ಯಾವ ಅಂಕಿ ಅದು?" ಅಂತ ಹಿಂದಿಯಲ್ಲಿ ಗದರಿದರು.

ಆ ಕಡೆಯಿಂದ ಅವ್ವ ಶುರು ಮಾಡಿದಳು. "ಯಾವನ್ಲಾ ನೀನು? ಮಗ ಎಷ್ಟು ತೂಕ ಅನ್ನಕ್ಕೂ ನಿನ್ನ ಅಪ್ಪಣೆ ಬೇಕಾ? ಬಾಣಂತಿ ಮನೆ ಸುದ್ದಿಗೆ ಅಡ್ಡ ಬತ್ತೀಯಾ?" ಎರಡು ನಿಮಿಷ ನಿಲ್ಲಲಿಲ್ಲ. ಅಧಿಕಾರಿ ಎದ್ದು ನಿಂತು "ಜೀ, ಮಾತಾಜಿ" ಅನ್ನುತ್ತಲೇ ಇದ್ದರು.

ಅದು ಮಗುವಿನ ತೂಕ ಅಂತ ನಾನು ಹೇಳಿದ ಮೇಲೆ ನಕ್ಕು ಕೈ ಕುಲುಕಿದರು. ನನಗೆ ಕಣ್ಣೀರು ಬಂತು. ಆಮೇಲೆ ಅವರು ನಿಯಮದಂತೆ ಫೋನಿನ ದಾಖಲೆ ಪುಸ್ತಕದಲ್ಲಿ ಬರೆದದ್ದನ್ನು ನನಗೂ ತೋರಿಸಿದರು:

"ಹೊರಗೆ ಹೋದ ಮಾಹಿತಿ: ಮಗುವಿನ ತೂಕ. ಒಳಗೆ ಬಂದ ಮಾಹಿತಿ: ಭಾಷೆ ತಿಳಿಯಲಿಲ್ಲ, ಅರ್ಥವಾಯಿತು."