ಸಿಂಹಕ್ಕೆ ಬೆನ್ನು ಮಾಡಿ ಕೂತವರು

ಯಾರಿಗೂ ‘ಬೇಡ’ ಎನ್ನುವ ಜಾಯಮಾನ ನನ್ನದಲ್ಲ. ಮಾಲ್‌ನಲ್ಲಿ ಅತ್ತರು ಮಾರುವವಳು ಕಾಗದದ ಚೂರನ್ನು ಮೂಗಿಗೆ ಹಿಡಿದರೆ ನಿಂತು ಮೂಸುತ್ತೇನೆ. ಕ್ರೆಡಿಟ್ ಕಾರ್ಡ್ ಕೊಡುತ್ತೇನೆಂದು ಯಾರಾದರೂ ಫೋನ್ ಮಾಡಿದರೆ ಅವರ ಊರು ಯಾವುದು, ಊಟ ಆಯಿತೇ ಎಂದೆಲ್ಲ ವಿಚಾರಿಸುತ್ತೇನೆ. ಕೊನೆಗೆ ಬೇಸತ್ತು ಫೋನ್ ಇಡುವವರು ಅವರೇ. ಈ ಗುಣಕ್ಕೆ ನಾನು ಸೌಜನ್ಯ ಎಂದು ಹೆಸರಿಟ್ಟುಕೊಂಡಿದ್ದೇನೆ. ನನ್ನ ಹೆಂಡತಿ ಶೈಲಾ ಇಟ್ಟ ಹೆಸರು ಬೇರೆ ಇದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾವು ಗದಗಿನ ಕಡೆಯವರು. ಈಗ ಮನೆ ದುಬೈನ ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿ. ನಾನು ಅಲ್ಲೇ ಒಂದು ಕಂಪನಿಯಲ್ಲಿ ಎಂಜಿನಿಯರ್, ಶೈಲಾ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಗಲ್ಫಿನಲ್ಲಿರುವ ನಮಗೆ ರಜೆ ಎಂದರೆ ಊರು. ಲೋಕದ ಜನ ರಜೆಗೆ ಸಮುದ್ರಕ್ಕೋ ಬೆಟ್ಟಕ್ಕೋ ಹೋದರೆ ನಾವು ಹೋಗುವುದು ಸೋದರತ್ತೆಯ ಮನೆಗೆ. ಒಬ್ಬರ ಮನೆಗೆ ಹೋಗಿ ಇನ್ನೊಬ್ಬರನ್ನು ಬಿಟ್ಟೆವೋ, ಆ ಸಿಟ್ಟು ಮುಂದಿನ ರಜೆಯವರೆಗೂ ಇಳಿಯುವುದಿಲ್ಲ. ಮದುವೆಯಾದಾಗಿನಿಂದ ನಮ್ಮ ರಜೆಗಳೆಲ್ಲ ಚಹಾ, ಚೂಡಾ, ಮತ್ತೆ ಚಹಾ ಎಂದೇ ಮುಗಿದಿವೆ. ಹೋದ ವರ್ಷ ಮಗಳು ಓದಲು ಹಾಸ್ಟೆಲ್ ಸೇರಿದ ಮೇಲೆ ಒಂದು ಸಂಜೆ ಶೈಲಾ ಹೇಳಿದಳು:

“ರೀ, ಈ ಸಲ ಊರು ಬ್ಯಾಡ. ನೈರೋಬಿಗೆ ಹೋಗೋಣು. ಪ್ಯಾಟಿ ಮಗ್ಗಲಕ್ಕ ಕಾಡು ಐತಂತ, ಅದರಾಗ ಸಿಂಹ ಅಡ್ಡಾಡ್ತಾವಂತ. ಮಂದಿ ಮಾರಿ ನೋಡಿ ನೋಡಿ ಸಾಕಾಗೇತಿ ನನಗ. ನಾಕ್ ದಿನ ಪ್ರಾಣಿಗೋಳ ಮಾರಿ ನೋಡೋಣು, ನಾವಿಬ್ರ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ.”

ಈ ಮಾತಿನಲ್ಲಿ ಮುಖ್ಯವಾದದ್ದು ‘ನಾವಿಬ್ರ’ ಎನ್ನುವುದು. ಮುಖ್ಯವಾದದ್ದು ಸಿಂಹ ಎಂದು ನಾನು ತಿಳಿದುಕೊಂಡೆ. ಅಲ್ಲಿಂದಲೇ ಕೆಟ್ಟಿತು.

ಟಿಕೆಟ್ ಮಾಡಿಸಿದ ವಾರವೇ ಅಬುಧಾಬಿಯ ಬನಿಯಾಸ್‌ನಲ್ಲಿ ನಮ್ಮ ಕಡೆಯವರೇ ಆದ ಡಾಕ್ಟರ್ ಪಾಟೀಲರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಪಾಟೀಲರು ಎಲ್ಲರನ್ನೂ ಕೇಳುವಂತೆ ನನ್ನನ್ನೂ “ಊರಿಗೆ ಯಾವಾಗರಿ?” ಎಂದರು. ಇನ್ನೂ ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. “ಈ ಸಲ ನೈರೋಬಿರೀ” ಎಂದುಬಿಟ್ಟೆ, ಸ್ವಲ್ಪ ಜಂಬದಿಂದಲೇ. ಅಡುಗೆಮನೆಯಿಂದ ಅವರ ಹೆಂಡತಿ ಸುಮಂಗಲಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

“ಅಯ್ಯ! ನೈರೋಬಿಯಾಗ ನಮ್ಮ ದೊಡ್ಡಪ್ಪನ ಮಗಳು ವಿಮಲಾ ಅದಾಳಲ್ರಿ! ಒಂದ್ ಸಣ್ಣ ಗಂಟು ಕೊಡ್ತೀನಿ, ಒಯ್ತೀರಲ್ಲ?”

ಗಲ್ಫಿನಲ್ಲಿ ಈ ಪ್ರಶ್ನೆಗೆ ಇಲ್ಲ ಎನ್ನುವ ರೂಢಿಯೇ ಇಲ್ಲ. ನಮ್ಮ ಮನೆಯ ಉಪ್ಪಿನಕಾಯಿ, ಖಾರದ ಪುಡಿ, ಮಗಳ ಮೊದಲ ಹುಟ್ಟುಹಬ್ಬದ ಜರಿ ಲಂಗ ಎಲ್ಲವೂ ಪರರ ಸೂಟ್‌ಕೇಸಿನಲ್ಲೇ ಬಂದವು. ಆದರೂ ಶೈಲಾ ಟೇಬಲ್ಲಿನ ಕೆಳಗೆ ನನ್ನ ಕಾಲು ತುಳಿದಳು. ನಾನು “ಅದಕ್ಕೇನ್ರಿ, ಕೊಡ್ರಿ” ಎಂದೆ. ಸಣ್ಣ ಗಂಟಿನಲ್ಲಿ ಖಡಕ್ ರೊಟ್ಟಿ, ನಮ್ಮ ಕಡೆ ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಕರದಂಟು, ಒಂದು ಇಳಕಲ್ ಸೀರೆ ಇದ್ದವು. ಅದಕ್ಕೆ ಜಾಗ ಮಾಡಲು ಶೈಲಾ ಹೊಸದಾಗಿ ಕೊಂಡಿದ್ದ ದುರ್ಬೀನನ್ನು ಮನೆಯಲ್ಲೇ ಬಿಟ್ಟಳು.

ಗಂಟನ್ನು ಹೋಟೆಲಿನ ಕೌಂಟರಿನಲ್ಲಿ ಬಿಟ್ಟರೆ ಸಾಕು, ಯಾರೋ ಬಂದು ಒಯ್ಯುತ್ತಾರೆ ಎಂದು ಮಾತಾಗಿತ್ತು. ನೈರೋಬಿಯಲ್ಲಿ ಇಳಿದು ಹೊರಗೆ ಬಂದರೆ ವಿಮಲಕ್ಕ ಗಂಡನ ಸಮೇತ ನಿಂತಿದ್ದರು. ಶೈಲಾಳ ಎರಡೂ ಕೈ ಹಿಡಿದು, “ಎಷ್ಟ್ ದಿನಾತವ್ವಾ ನಮ್ಮ ಮಾತು ಕೇಳಿ” ಎಂದು ಕಣ್ಣೀರು ತೆಗೆದರು. ಅವರು ಇರುವ ಕಡೆ ನಮ್ಮವರು ಯಾರೂ ಇರಲಿಲ್ಲವಂತೆ. ಅಂಥವರು ನಮ್ಮ ಮನೆಗೇ ಬರ್ರಿ ಎಂದರೆ ಏನು ಹೇಳುತ್ತೀರಿ? ಹೋಟೆಲು ರದ್ದಾಯಿತು. ನಾವು ಗೊತ್ತು ಮಾಡಿದ್ದ ಸಫಾರಿ ಗಾಡಿಯೂ ರದ್ದಾಗಿ, ಅವರ ಗುರುತಿನ ಡ್ರೈವರ್ ಬಂದ. ಮೊದಲ ಎರಡು ದಿನ ಚಹಾ, ಚೂಡಾ, ಮತ್ತೆ ಚಹಾ. ಸಮುದ್ರ ದಾಟಿ ಹೋಗಿ ನಾವು ಗದಗಿನಲ್ಲೇ ಇಳಿದಿದ್ದೆವು. ಜಿರಾಫೆಗೆ ಕೈಯಾರೆ ತಿನಿಸುವ ಜಾಗಕ್ಕೆ ಹೋದಾಗ ಅದಕ್ಕೆ ತಿನಿಸುವ ಮೊದಲು ವಿಮಲಕ್ಕ ನಮಗೆ ತಿನಿಸಿದರು.

ಮೂರನೆಯ ದಿನ ಕಾಡಿಗೆ ಹೊರಟಾಗ ಶೈಲಾ ಎಲ್ಲರಿಗಿಂತ ಮೊದಲು ಸಿದ್ಧಳಾಗಿದ್ದಳು. ಆದರೆ ಬುತ್ತಿ ಕಟ್ಟಿಕೊಂಡು ವಿಮಲಕ್ಕ ದಂಪತಿಗಳೂ ಗಾಡಿ ಹತ್ತಿದರು. ಹುಲ್ಲುಗಾವಲು, ದೂರದಲ್ಲಿ ನಗರದ ಎತ್ತರದ ಕಟ್ಟಡಗಳು, ನಡುವೆ ಜೀಬ್ರಾಗಳು. ಶೈಲಾ ಏನನ್ನೂ ನೋಡುವ ಹಾಗಿರಲಿಲ್ಲ. ಯಾರ ಮಗಳನ್ನು ಯಾರಿಗೆ ಕೊಟ್ಟಿದೆ ಎಂದು ಉತ್ತರ ಹೇಳುತ್ತಿದ್ದಳು. ನಾನು ವಿಮಲಕ್ಕನ ಯಜಮಾನರ ಕಡೆ ತಿರುಗಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ದುಬೈನ ಮನೆ ಬಾಡಿಗೆಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಆಗ ಡ್ರೈವರ್ ಗಾಡಿ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟು, ಬಲಗಡೆ ತೋರಿಸಿದ.

ಶೈಲಾ ಏಳಲು ಹೋದಳು. ವಿಮಲಕ್ಕ ಅವಳ ಕೈ ಹಿಡಿದು ಕೂರಿಸಿ, ಅಂಗೈಯಲ್ಲಿ ರೊಟ್ಟಿ ಇಟ್ಟರು. “ಮೊದ್ಲ ತಿನ್ನವ್ವಾ. ಸಿಂಹ ಎಲ್ಲಿ ಹೊಕ್ಕಾವ?”

ಶೈಲಾ ನನ್ನ ಮುಖ ನೋಡಿದಳು. ಒಂದು ನಿಮಿಷ ತಡೀರಿ ಅಕ್ಕ ಎಂದು ನಾನು ಹೇಳಬೇಕಿತ್ತು, ಅಷ್ಟೇ. ನಾನು, ಸೌಜನ್ಯಮೂರ್ತಿ, “ಹಿಂಡಿ ಬಾಳ ಚೊಲೋ ಆಗೇತ್ರಿ” ಎಂದೆ. ನಾವು ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಹುಲ್ಲು ಮಾತ್ರ ಅಲ್ಲಾಡುತ್ತಿತ್ತು.

ವಾಪಸು ವಿಮಾನದಲ್ಲಿ ಅವಳು ಬೈಯುತ್ತಾಳೆಂದು ಕಾದೆ. “ವಿಮಲಕ್ಕ ಚೊಲೋ ಹೆಣಮಗಳು” ಎಂದಳು, ಕಣ್ಣು ಮುಚ್ಚಿಕೊಂಡಳು. ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ತಪ್ಪನ್ನು ವಿಮಲಕ್ಕನ ಮೇಲೆ ಹಾಕೋಣವೆಂದರೆ ಆ ತಾಯಿ ನಮಗೆ ಪ್ರೀತಿಯಿಂದ ಅನ್ನ ಹಾಕಿದ್ದಾರೆ. ಎಷ್ಟು ತಿರುಗಿಸಿ ನೋಡಿದರೂ ಬೊಟ್ಟು ನನ್ನ ಕಡೆಗೇ ಬರುತ್ತದೆ.

ಈ ವಸಂತದ ರಜೆಗೆ ಶೈಲಾ ಮತ್ತೆ ನೈರೋಬಿಗೆ ಟಿಕೆಟ್ ಮಾಡಿಸಿದಳು, ಒಂದೇ ಟಿಕೆಟ್. ನಾನೂ ರಜೆ ಹಾಕಿ ಬರುತ್ತೇನೆ ಎಂದೆ.

“ನೀವು ಬಂದ್ರ ನಾವಿಬ್ರ ಆಗೂದಿಲ್ರಿ, ಊರ ಮಂದಿ ಎಲ್ಲಾ ಆಕ್ಕಾರ” ಎಂದಳು. ಸಿಟ್ಟಿರಲಿಲ್ಲ, ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವ ದನಿ.

ನಿನ್ನೆ ಮಧ್ಯಾಹ್ನ ಫೋಟೋ ಕಳಿಸಿದಳು. ದೊಡ್ಡ ಗಂಡು ಸಿಂಹ, ಗಾಡಿಯ ಪಕ್ಕದಲ್ಲೇ ಮಲಗಿದೆ. ನನಗೆ ಖುಷಿಯಾಯಿತು, ಹೊಟ್ಟೆಯೂ ಉರಿಯಿತು. ಏನೇನೋ ಬರೆದು ಅಳಿಸಿ, ಕೊನೆಗೆ “ಒಬ್ಬಾಕಿಗೆ ಬ್ಯಾಸರಾಗ್ಲಿಲ್ಲೇನು?” ಎಂದು ಕೇಳಿದೆ.

“ಇಲ್ರಿ” ಎಂದು ಉತ್ತರ ಬಂತು.

ಇನ್ನೂ ಏನಾದರೂ ಬರೆದಾಳು ಎಂದು ಫೋನ್ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಬರೆಯಲಿಲ್ಲ. ಸಿಂಹ ನೋಡುತ್ತಿದ್ದಳೆಂದು ಕಾಣುತ್ತದೆ.